ಬಾಗಲಕೋಟೆಯ ಒಂದು ನರ ಪುನಶ್ಚೇತನ ಕೇಂದ್ರ: ಅಳೆದು ನೋಡಿ ಕೊಡುವ ಚಿಕಿತ್ಸೆ

ಪಾರ್ಶ್ವವಾಯು ಬಡಿದವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮುಂದೇನು ಎಂದು ಕೇಳಿದರೆ ನಮ್ಮ ಭಾಗದಲ್ಲಿ ಸಿಗುವ ಸಲಹೆಗಳು ಬಹುಮಟ್ಟಿಗೆ ಒಂದೇ ತೆರನಾದವು: ಎಣ್ಣೆ ತಿಕ್ಕಿಸಿ, ಕರೆಂಟ್ ಕೊಡಿಸಿ, ನಾಟಿ ವೈದ್ಯರ ಹತ್ತಿರ ಹೋಗಿ ಬನ್ನಿ, ಲಕ್ವಾಕ್ಕೆ ಪಾರಿವಾಳದ ರಕ್ತ ಒಳ್ಳೆಯದು. ಇಂಥ ಸಲಹೆಗಳ ನಡುವೆ, ರೋಗಿಯ ಚಲನೆ, ಸ್ಪರ್ಶ ಮತ್ತು ಗಮನ ಮೂರನ್ನೂ ಬೇರೆ ಬೇರೆಯಾಗಿ ಅಳೆದು, ಯಾವ ಚಿಕಿತ್ಸೆಗೆ ಸಂಶೋಧನೆಯ ಆಧಾರ ಎಷ್ಟಿದೆ ಎಂಬುದನ್ನು ಮನೆಯವರಿಗೆ ಬಿಡಿಸಿ ಹೇಳಿ ಕೆಲಸ ಮಾಡುವ ಒಂದು ಚಿಕ್ಕ ಕೇಂದ್ರ ಬಾಗಲಕೋಟೆಯ ನವನಗರದಲ್ಲಿದೆ. ಗುಳೇದಗುಡ್ಡದಲ್ಲಿ ಜೀವನವಿಡೀ ಖಣ ನೇಯ್ದ ನನ್ನ ಚಿಕ್ಕಪ್ಪನವರನ್ನು ನಾವು ಕಳೆದ ವರ್ಷದಿಂದ ಅಲ್ಲಿಗೆ ಕರೆದೊಯ್ಯುತ್ತಿದ್ದೇವೆ. ಕೇಂದ್ರದ ಹೆಸರನ್ನು ಇಲ್ಲಿ ಬರೆದಿಲ್ಲ, ಏಕೆಂದರೆ ಮೆಚ್ಚುಗೆ ಜಾಹೀರಾತಾಗಬಾರದು, ಕೊರತೆಗಳನ್ನು ಹೇಳುವುದು ಆಪಾದನೆಯಾಗಬಾರದು. ಯಾವುದೇ ಊರಿನ ಯಾವುದೇ ಕೇಂದ್ರಕ್ಕೆ ಹೋಗುವವರು ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದು ಈ ಬರಹದಿಂದ ತಿಳಿದರೆ ಸಾಕು.

ಚಿಕ್ಕಪ್ಪನವರಿಗೆ ಪೆಟ್ಟು ಬಿದ್ದದ್ದು ಮಿದುಳಿನ ಬಲಭಾಗಕ್ಕೆ. ಮಾತು ಸ್ವಚ್ಛವಾಗಿತ್ತು, ನೆನಪು ಚೆನ್ನಾಗಿತ್ತು, ಎಡಗಾಲು ಬೇಗ ಸುಧಾರಿಸಿತು, ಎಡಗೈಯಲ್ಲಿಯೂ ಒಂದಿಷ್ಟು ಬಲ ಮರಳಿತು. ಹಾಗಾಗಿ ಮೊದಲು ನಾವು ಹೋಗುತ್ತಿದ್ದ ಬೇರೊಂದು ಕಡೆ, ಕೈ ಎತ್ತಿಸಿ, ಯಂತ್ರದ ಪ್ಯಾಡ್ ಅಂಟಿಸಿ, ಬ್ರಷ್‌ನಿಂದ ಚರ್ಮ ಉಜ್ಜಿ, ಇನ್ನು ಎಲ್ಲವೂ ತಾನಾಗಿಯೇ ಸರಿಹೋಗುತ್ತದೆ ಎಂದು ಕಳುಹಿಸುತ್ತಿದ್ದರು. ಆದರೆ ಮನೆಯಲ್ಲಿ ಅವರು ತಾಟಿನ ಬಲಬದಿಯ ರೊಟ್ಟಿ, ಪಲ್ಯ ತಿಂದು ಎಡಬದಿಯ ಚಟ್ನಿ, ಮೊಸರನ್ನು ಮುಟ್ಟದೆ ಏಳುತ್ತಿದ್ದರು; ತಾಟನ್ನು ತಿರುಗಿಸಿ ಇಟ್ಟರೆ ಮತ್ತೆ ತಿನ್ನುತ್ತಿದ್ದರು. ಬಾಗಿಲಿನ ಎಡ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು. ಬಿಸಿ ಚಹಾದ ಲೋಟ ಎಡಗೈಯಲ್ಲಿದ್ದು ಬೆರಳು ಸುಟ್ಟರೂ ಅವರಿಗೆ ತಿಳಿದಿರಲಿಲ್ಲ. ಮನೆಯವರಲ್ಲಿ ಕೆಲವರು ಇದನ್ನು ಹಟವೆಂದೂ ಕೆಲವರು ಬೇಸರವೆಂದೂ ಭಾವಿಸಿದ್ದರು.

ನವನಗರದ ಕೇಂದ್ರದಲ್ಲಿ ಮೊದಲ ದಿನ ಚಿಕಿತ್ಸೆಯನ್ನೇ ಕೊಡಲಿಲ್ಲ. ಪರೀಕ್ಷೆ ಮಾತ್ರ ನಡೆಯಿತು, ಅದೂ ಅವಸರವಿಲ್ಲದೆ. ಕಾಗದದ ಮೇಲೆ ಎಳೆದ ಅಡ್ಡಗೆರೆಯ ನಡುವೆ ಗುರುತು ಹಾಕಲು ಹೇಳಿದಾಗ ಚಿಕ್ಕಪ್ಪನವರು ಬಲಕ್ಕೆ ಬಹಳ ಸರಿದು ಹಾಕಿದರು. ಹಾಳೆಯ ತುಂಬ ಚದುರಿದ್ದ ಚಿಕ್ಕ ನಕ್ಷತ್ರಗಳನ್ನೆಲ್ಲ ಹೊಡೆದು ಹಾಕಲು ಹೇಳಿದಾಗ ಬಲಬದಿಯವನ್ನಷ್ಟೇ ಹೊಡೆದು, ಮುಗಿಯಿತು ಎಂದು ಪೆನ್ನು ಕೆಳಗಿಟ್ಟರು. ಆಮೇಲೆ ಚಿಕಿತ್ಸಕಿ ಕಾಗದ ಬದಿಗಿಟ್ಟು, ಬನಶಂಕರಿ ಜಾತ್ರೆಯಲ್ಲಿ ಹೊಂಡದ ಕಡೆಯಿಂದ ಗುಡಿಗೆ ಮುಖ ಮಾಡಿ ನಿಂತಿದ್ದೀರಿ ಎಂದುಕೊಳ್ಳಿ, ಅಕ್ಕಪಕ್ಕ ಏನೇನಿದೆ ಹೇಳಿ ಎಂದು ಕೇಳಿದರು. ಹುಟ್ಟಿದಾಗಿನಿಂದ ಕಂಡ ಜಾಗವಾದರೂ ಅವರು ಹೇಳಿದ್ದು ಹೆಚ್ಚಾಗಿ ಬಲಗಡೆಯ ಅಂಗಡಿಗಳನ್ನು. ಈಗ ಗುಡಿಗೆ ಬೆನ್ನು ಮಾಡಿ ಹೊಂಡದ ಕಡೆ ನೋಡುತ್ತಿದ್ದೀರಿ ಎಂದಾಗ, ಸ್ವಲ್ಪ ಹೊತ್ತಿನ ಹಿಂದೆ ಬಿಟ್ಟಿದ್ದ ಅಂಗಡಿಗಳ ಹೆಸರುಗಳೇ ಒಂದೊಂದಾಗಿ ಹೊರಬಂದವು. ನಾವೆಲ್ಲ ಮೂಕರಾಗಿ ಕುಳಿತೆವು. ಇಟಲಿಯ ಎಡ್ವಾರ್ಡೊ ಬಿಸಿಯಾಕ್ ಮತ್ತು ಕ್ಲಾಡಿಯೊ ಲುಝಾಟ್ಟಿ 1978ರಲ್ಲಿ ಮಿಲಾನ್ ನಗರದ ಇಬ್ಬರು ರೋಗಿಗಳಿಗೆ ಅಲ್ಲಿನ ದೊಡ್ಡ ಚರ್ಚಿನ ಮುಂದಿನ ಚೌಕವನ್ನು ಹೀಗೆಯೇ ಎರಡು ದಿಕ್ಕಿನಿಂದ ನೆನಪಿನಲ್ಲಿ ವರ್ಣಿಸಲು ಹೇಳಿ ಇದನ್ನೇ ಕಂಡಿದ್ದರು ಎಂದು ಚಿಕಿತ್ಸಕಿ ತಿಳಿಸಿದರು. ಕಣ್ಣು ಕಾಣದೆ ಹೀಗಾಗುವುದಲ್ಲ, ನೆನಪು ಅಳಿದು ಆಗುವುದೂ ಅಲ್ಲ. ಮಿದುಳು ಎಡಬದಿಯ ಜಗತ್ತಿಗೆ ಗಮನ ಕೊಡುವುದನ್ನು ಬಿಟ್ಟಿರುತ್ತದೆ. ನೆಗ್ಲೆಕ್ಟ್ ಎಂದು ವೈದ್ಯರು ಕರೆಯುವ ಈ ಎಡಬದಿಯ ಅಲಕ್ಷ್ಯ ಬಲ ಮಿದುಳಿಗೆ ಪೆಟ್ಟಾದವರಲ್ಲಿ ಹೆಚ್ಚು, ಮತ್ತು ರೋಗಿಗೆ ತನ್ನಲ್ಲಿ ಕೊರತೆಯಿದೆ ಎಂಬ ಅರಿವೇ ಅನೇಕ ವೇಳೆ ಇರುವುದಿಲ್ಲ. ದೃಷ್ಟಿಯ ಅರ್ಧಭಾಗ ಹೋದವರು ಸಾಮಾನ್ಯವಾಗಿ ಅದನ್ನು ಅರಿತು ತಲೆ ತಿರುಗಿಸಿ ನೋಡುವುದನ್ನು ಕಲಿಯುತ್ತಾರೆ. ಅಲಕ್ಷ್ಯವಿರುವವರು ತಿರುಗಿಸುವುದೇ ಇಲ್ಲ. ಎರಡೂ ಒಟ್ಟಿಗೆ ಇರಬಹುದಾದ್ದರಿಂದ ದೃಷ್ಟಿಕ್ಷೇತ್ರದ ಪರೀಕ್ಷೆ ಮಾಡಿಸಿಕೊಂಡು ಬರಲು ಕಣ್ಣಿನ ವೈದ್ಯರಿಗೆ ಚೀಟಿ ಬರೆದು ಕೊಟ್ಟರು. ಆ ಒಂದು ಪರೀಕ್ಷೆಯ ದಿನದಿಂದ ಚಿಕ್ಕಮ್ಮನವರು ಗಂಡನನ್ನು ಗದರುವುದನ್ನು ನಿಲ್ಲಿಸಿದರು ಎಂಬುದನ್ನು ನಾನು ಈ ಕೇಂದ್ರದ ಮೊದಲ ಯಶಸ್ಸೆಂದು ಎಣಿಸುತ್ತೇನೆ.

ಗಮನದ ತರಬೇತಿ ನೋಡುವುದಕ್ಕೆ ಬಹಳ ಸರಳ. ಮೇಜಿನ ಎಡ ಅಂಚಿಗೆ ಅಗಲವಾದ ಕೆಂಪು ಪಟ್ಟಿ ಅಂಟಿಸಿ, ಅದು ಕಣ್ಣಿಗೆ ಬೀಳುವವರೆಗೂ ತಲೆಯನ್ನು ಎಡಕ್ಕೆ ತಿರುಗಿಸಿ, ಅಲ್ಲಿಂದಲೇ ಬಲಕ್ಕೆ ಬರುವುದನ್ನು ಅಭ್ಯಾಸ ಮಾಡಿಸುತ್ತಾರೆ. ನಮ್ಮ ಓದು ಎಡದಿಂದಲೇ ಆರಂಭವಾಗುವುದರಿಂದ ದಿನಪತ್ರಿಕೆ ಇದಕ್ಕೆ ಒಳ್ಳೆಯ ಸಾಧನವಾಯಿತು: ಅಂಕಣದ ಎಡಕ್ಕೆ ಕೆಂಪು ಗೆರೆ ಎಳೆದು, ಪ್ರತಿ ಸಾಲಿನ ಮೊದಲ ಅಕ್ಷರದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿಸುತ್ತಿದ್ದರು. ಮೊದಮೊದಲು ಸಾಲಿನ ಆರಂಭದ ಪದಗಳನ್ನು ಬಿಟ್ಟು ಓದಿ, ಅರ್ಥ ಕೂಡದಿದ್ದರೂ ಮುಂದುವರಿಯುತ್ತಿದ್ದ ಚಿಕ್ಕಪ್ಪನವರು ಬರಬರುತ್ತ ಅರ್ಥ ತಪ್ಪಿದ ಕೂಡಲೇ ತಾವೇ ಎಡಕ್ಕೆ ಹಿಂತಿರುಗಲು ಕಲಿತರು. ನೋಟವನ್ನು ಬಲಕ್ಕೆ ಸರಿಸುವ ಪ್ರಿಸಂ ಕನ್ನಡಕದ ಬಗ್ಗೆ ನಾನು ಕೇಳಿದ್ದೆ. ಫ್ರಾನ್ಸಿನ ಈವ್ ರೊಸೆಟ್ಟಿ ತಂಡ 1998ರಲ್ಲಿ ಹತ್ತು ಡಿಗ್ರಿ ಸರಿಸುವ ಪ್ರಿಸಂ ಹಾಕಿಸಿ ಗುರಿಗೆ ಬೆರಳು ತೋರಿಸುವ ಅಭ್ಯಾಸ ಮಾಡಿಸಿದಾಗ, ಕನ್ನಡಕ ತೆಗೆದ ಮೇಲೆಯೂ ಕನಿಷ್ಠ ಎರಡು ಗಂಟೆ ಅಲಕ್ಷ್ಯ ಕಡಿಮೆಯಾದದ್ದನ್ನು ವರದಿ ಮಾಡಿತ್ತು. ಅದು ಸುಂದರವಾದ ಪ್ರಯೋಗ, ಆದರೆ ಆಮೇಲಿನ ಪರೀಕ್ಷೆಗಳ ಫಲಿತಾಂಶ ಏಕರೂಪವಾಗಿಲ್ಲ, ದಿನನಿತ್ಯದ ಕೆಲಸದಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಇತ್ಯರ್ಥವಾಗಿಲ್ಲ, ಆದ್ದರಿಂದ ನಿಮ್ಮಿಂದ ಅದಕ್ಕೆ ಹಣ ಖರ್ಚು ಮಾಡಿಸುವುದಿಲ್ಲ ಎಂದು ಚಿಕಿತ್ಸಕಿ ನೇರವಾಗಿ ಹೇಳಿದರು. ಕೊಳ್ಳಲು ಸಿದ್ಧನಿದ್ದ ಗಿರಾಕಿಗೆ ಬೇಡವೆನ್ನುವ ಈ ನಡವಳಿಕೆಗೆ ನಾನು ತುಂಬ ಬೆಲೆ ಕೊಡುತ್ತೇನೆ.

ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿರುವುದು ಸ್ಪರ್ಶದ ತರಬೇತಿ. ಪಾರ್ಶ್ವವಾಯುವಿನ ನಂತರ ಕೈಗೆ ಬಲ ಬಂದರೂ ಸ್ಪರ್ಶಜ್ಞಾನ ಬಾರದಿದ್ದರೆ ಆ ಕೈಯನ್ನು ಬಳಸಲಾಗುವುದಿಲ್ಲ. ಹಿಡಿದ ವಸ್ತು ಜಾರುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ, ಕಣ್ಣು ಬೇರೆಡೆ ಹೊರಳಿದ ಕೂಡಲೇ ಬೆರಳು ಸಡಿಲವಾಗುತ್ತದೆ. ನೇಕಾರನಿಗಂತೂ ಇದು ಇನ್ನೂ ದೊಡ್ಡ ನಷ್ಟ, ಏಕೆಂದರೆ ಹಾಸಿನಲ್ಲಿ ಎಳೆ ಕಡಿದದ್ದು ಎಷ್ಟೋ ಸಲ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಹಿಂದೆ ಹೋಗುತ್ತಿದ್ದ ಕಡೆ ಬ್ರಷ್ ಉಜ್ಜುತ್ತಿದ್ದಾಗ ಚಿಕ್ಕಪ್ಪನವರು ಗೋಡೆ ನೋಡುತ್ತ ಸುಮ್ಮನೆ ಕುಳಿತಿರುತ್ತಿದ್ದರು. ಇಲ್ಲಿ ಸುಮ್ಮನೆ ಕೂರುವ ಹಾಗಿಲ್ಲ. ಪರದೆಯ ಹಿಂದೆ ಎಡಗೈ ಚಾಚಿಸಿ, ಎರಡು ಬಟ್ಟೆಯ ತುಂಡುಗಳನ್ನು ಒಂದಾದ ಮೇಲೊಂದು ಬೆರಳಿಗೆ ಕೊಟ್ಟು, ಯಾವುದು ಒರಟು ಎಂದು ಕೇಳುತ್ತಾರೆ. ಉತ್ತರ ಕೊಟ್ಟ ಮೇಲೆ ಪರದೆ ಸರಿಸಿ ಕಣ್ಣಿನಿಂದ ತೋರಿಸುತ್ತಾರೆ, ಅದೇ ತುಂಡುಗಳನ್ನು ಬಲಗೈಗೆ ಕೊಟ್ಟು ಹೇಗಿರಬೇಕೆಂಬುದನ್ನು ನೆನಪಿಸುತ್ತಾರೆ, ಮತ್ತೆ ಪರದೆ ಎಳೆದು ಎಡಗೈಗೆ ಕೊಡುತ್ತಾರೆ. ಗೋಣಿತಟ್ಟು ಮತ್ತು ಧೋತರದ ನಡುವಿನ ದೊಡ್ಡ ಅಂತರದಿಂದ ಆರಂಭಿಸಿ, ಉತ್ತರ ಸರಿಯಾಗುತ್ತ ಹೋದಂತೆ ಅಂತರವನ್ನು ಕಿರಿದು ಮಾಡುತ್ತಾರೆ. ನಮ್ಮ ಮನೆಯ ಕಸುಬು ತಿಳಿದ ಮೇಲೆ ಚಿಕಿತ್ಸಕಿ ಖಣದ ತುಂಡುಗಳನ್ನೇ ತರಲು ಹೇಳಿದರು: ಬುಟ್ಟಾ ಇರುವ ಭಾಗ, ಸಾದಾ ಭಾಗ, ಅಂಚು. ಬುಟ್ಟಾದ ಉಬ್ಬು ಮೊದಲ ಸಲ ಎಡ ತೋರುಬೆರಳಿಗೆ ಸಿಕ್ಕ ದಿನ ಚಿಕ್ಕಪ್ಪನವರು ಕಣ್ಣು ಮುಚ್ಚಿಕೊಂಡೇ ಆ ಬೆರಳನ್ನು ಹಿಂದೆ ಮುಂದೆ ಆಡಿಸುತ್ತ, ಚಿಕಿತ್ಸಕಿ ಸಾಕೆಂದರೂ ಬಿಡದೆ, ಬಹಳ ಹೊತ್ತು ಕುಳಿತಿದ್ದರು.

ಈ ವಿಧಾನದ ಹಿಂದೆ ಆಸ್ಟ್ರೇಲಿಯಾದ ಲೀಯಾನ್ ಕೇರಿಯವರ ದೀರ್ಘ ಕೆಲಸವಿದೆ. ಅವರ ತಂಡ 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಪಾರ್ಶ್ವವಾಯುವಾದ 50 ಮಂದಿ ಇದ್ದರು. ವಸ್ತುಗಳನ್ನು ಕೈಗೆ ಸುಮ್ಮನೆ ಸೋಕಿಸುವುದಕ್ಕಿಂತ, ವ್ಯತ್ಯಾಸ ಗುರುತಿಸುವ ಪ್ರಯತ್ನ ಮಾಡಿಸಿ ತಪ್ಪು ಸರಿಗಳನ್ನು ತಕ್ಷಣ ತಿಳಿಸುವ ತರಬೇತಿ ಹೆಚ್ಚು ಫಲ ಕೊಟ್ಟಿತು, ಮತ್ತು ಫಲ ತಿಂಗಳುಗಳವರೆಗೆ ಉಳಿಯಿತು. ಇದನ್ನು ತಿಳಿದುಕೊಂಡ ಮೇಲೆ, ಉಜ್ಜುವುದಕ್ಕೆ ಕೊಟ್ಟ ಹಣಕ್ಕಿಂತ ಉಜ್ಜಿಸಿಕೊಳ್ಳುತ್ತ ಕಳೆದುಹೋದ ಕಾಲದ ಬಗ್ಗೆ ನನಗೆ ಹೆಚ್ಚು ಸಂಕಟವಾಯಿತು. ಖರ್ಚಿಲ್ಲದ ತರಬೇತಿ ಇದು. ಬೇಕಾದದ್ದು ಬಟ್ಟೆಯ ಚೂರು, ಒಂದು ಚೀಲದಲ್ಲಿ ತೊಗರಿಬೇಳೆ, ಜೋಳ, ನಾಣ್ಯ, ಗುಂಡಿ, ಮತ್ತು ತಾಳ್ಮೆಯಿಂದ ಎದುರು ಕೂರುವ ತಿಳಿವಳಿಕೆಯುಳ್ಳ ಒಬ್ಬ ವ್ಯಕ್ತಿ.

ಕೈಯ ಚಲನೆಗೆ ಇಲ್ಲಿ ಯಂತ್ರಕ್ಕಿಂತ ಪುನರಾವರ್ತನೆಗೆ ಒತ್ತು ಹೆಚ್ಚು. ಕ್ಯಾಥರೀನ್ ಲ್ಯಾಂಗ್ ಮತ್ತು ಸಂಗಡಿಗರು 2009ರಲ್ಲಿ ಪುನಶ್ಚೇತನ ಅವಧಿಗಳನ್ನು ಕುಳಿತು ನೋಡಿ ಎಣಿಸಿದಾಗ, ಒಂದು ಅವಧಿಯಲ್ಲಿ ಕೈಯ ಉಪಯುಕ್ತ ಚಲನೆಗಳ ಸರಾಸರಿ ಸಂಖ್ಯೆ 32 ಮಾತ್ರ ಇತ್ತು. ಪ್ರಾಣಿಗಳ ಮಿದುಳಿನಲ್ಲಿ ಬದಲಾವಣೆ ತಂದ ಪ್ರಯೋಗಗಳಲ್ಲಿ ಅದು ನೂರಾರು. ಈ ಕೇಂದ್ರದಲ್ಲಿ ಚಿಕಿತ್ಸಕಿಯ ಕೈಯಲ್ಲಿ ಬಸ್ ನಿರ್ವಾಹಕರ ಹಾಗೆ ಎಣಿಕೆಯ ಪುಟ್ಟ ಯಂತ್ರವಿರುತ್ತದೆ, ಅವಧಿಯ ಕೊನೆಗೆ ಸಂಖ್ಯೆ ಕಡತದಲ್ಲಿ ದಾಖಲಾಗುತ್ತದೆ. ಬಳಸದ ಕೈಯ ಜಾಗವನ್ನು ಮಿದುಳು ಕಾಯ್ದಿಡುವುದಿಲ್ಲ ಎಂಬುದಕ್ಕೆ ರ‍್ಯಾಂಡಾಲ್ಫ್ ನೂಡೊ ಅವರು 1996ರಲ್ಲಿ ಸ್ಕ್ವಿರಲ್ ಕೋತಿಗಳಲ್ಲಿ ತೋರಿಸಿದ ಫಲಿತಾಂಶ ಪ್ರಸಿದ್ಧವಾಗಿದೆ: ತರಬೇತಿ ಇಲ್ಲದಾಗ ಪೆಟ್ಟಿನ ಪಕ್ಕದಲ್ಲಿ ಸುಸ್ಥಿತಿಯಲ್ಲಿದ್ದ ಕೈಯ ಪ್ರದೇಶವೂ ಕುಗ್ಗಿತ್ತು, ತರಬೇತಿ ಕೊಟ್ಟಾಗ ಉಳಿದುಕೊಂಡಿತ್ತು. ಆರೋಗ್ಯವಾಗಿರುವ ಕೈಗೆ ದಪ್ಪ ಕೈಗವಸು ತೊಡಿಸಿ ದುರ್ಬಲ ಕೈಯಿಂದಲೇ ಕೆಲಸ ಮಾಡಿಸುವ, ಎಡ್ವರ್ಡ್ ಟಾಬ್ ಅವರ ಸಂಶೋಧನೆಯಿಂದ ಬಂದ ವಿಧಾನವನ್ನು ಚಿಕ್ಕಪ್ಪನವರಿಗೂ ಹಚ್ಚಿದರು. 222 ರೋಗಿಗಳಿದ್ದ, 2006ರಲ್ಲಿ ಪ್ರಕಟವಾದ ಅಮೆರಿಕದ ಎಕ್ಸೈಟ್ ಪರೀಕ್ಷೆಯಲ್ಲಿ ಇದರ ಲಾಭ ಒಂದು ವರ್ಷದ ನಂತರವೂ ಕಂಡಿತ್ತು. ಆದರೆ ಎಚ್ಚರವಿರುವ ಹೊತ್ತಿನ ಬಹುಪಾಲು ಕೈಗವಸು ತೊಡುವುದು, ದಿನಕ್ಕೆ ಆರು ಗಂಟೆ ತರಬೇತಿ ಎಂಬ ಮೂಲ ಕ್ರಮ ನಮ್ಮ ಮನೆಗಳಲ್ಲಿ ನಡೆಯುವಂಥದ್ದಲ್ಲ. ಮುಂಜಾನೆ ಎರಡು ತಾಸು, ಚಿಕ್ಕಮ್ಮನವರು ಹತ್ತಿರವಿದ್ದಾಗ ಮಾತ್ರ, ಬಿಸಿ ವಸ್ತುಗಳ ಬಳಿ ಖಂಡಿತ ಬೇಡ ಎಂದು ಹೊಂದಿಸಿ ಕೊಟ್ಟರು. ಮಣಿಕಟ್ಟು ಮತ್ತು ಬೆರಳುಗಳನ್ನು ಒಂದಿಷ್ಟಾದರೂ ಎತ್ತಬಲ್ಲವರಿಗೆ ಮಾತ್ರ ಇದು ತಕ್ಕದ್ದು ಎಂಬುದನ್ನೂ ಪರೀಕ್ಷಿಸಿ ನೋಡಿದ ಮೇಲೆಯೇ ಆರಂಭಿಸಿದ್ದರು.

ಗೋಡೆಗೆ ಪುಲ್ಲಿ ಹಾಕಿ, ಹಗ್ಗ ಹಿಡಿಸಿ, ದುರ್ಬಲ ಕೈಯನ್ನು ತಲೆಯ ಮೇಲಕ್ಕೆ ಎಳೆಸುವ ವ್ಯವಸ್ಥೆ ಇಲ್ಲಿ ಇಲ್ಲವೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕು. ಪಾರ್ಶ್ವವಾಯುವಾದ ಭುಜದ ಕೀಲು ಸಡಿಲವಾಗಿರುತ್ತದೆ. ಹೀಗೆ ಎಳೆಸುವುದರಿಂದ ಭುಜದ ನೋವು ಬರುತ್ತದೆ ಎಂಬ ಕಾರಣಕ್ಕೆ ಅಮೆರಿಕದ 2016ರ ಪುನಶ್ಚೇತನ ಮಾರ್ಗಸೂಚಿಯೂ ಅದನ್ನು ಬೇಡವೆನ್ನುತ್ತದೆ. ಆದರೂ ಅನೇಕ ಕಡೆ ಅದು ಮೊದಲು ಕಣ್ಣಿಗೆ ಬೀಳುವ ಸಲಕರಣೆ. ದೊಡ್ಡ ನಗರಗಳ ರೋಬಾಟ್ ಯಂತ್ರ ಇಲ್ಲಿಲ್ಲವೆಂದು ಕೊರಗುವವರೂ ಇದ್ದಾರೆ. ಬ್ರಿಟನ್ನಿನಲ್ಲಿ 770 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ರಾಟಲ್ಸ್ ಪರೀಕ್ಷೆಯಲ್ಲಿ ರೋಬಾಟ್ ತರಬೇತಿ ಪಡೆದವರ ಕೈ ಸಾಮಾನ್ಯ ಚಿಕಿತ್ಸೆ ಪಡೆದವರ ಕೈಗಿಂತ ಹೆಚ್ಚು ಸುಧಾರಿಸಲಿಲ್ಲ. ಯಂತ್ರವಿಲ್ಲದ್ದನ್ನು ನಾನು ಕೊರತೆಯ ಲೆಕ್ಕಕ್ಕೆ ಸೇರಿಸುವುದಿಲ್ಲ.

ಕೊರತೆಗಳು ಬೇರೆ ಇವೆ, ಮತ್ತು ಅವು ಚಿಕ್ಕವಲ್ಲ. ರೋಗಿಗಳು ಹೆಚ್ಚು, ಚಿಕಿತ್ಸಕರು ಕಡಿಮೆ ಇರುವುದರಿಂದ ವಾರಕ್ಕೆ ಎರಡು ಅವಧಿಗಿಂತ ಹೆಚ್ಚು ಸಿಗುವುದು ಕಷ್ಟ. ಉಳಿದ ದಿನಗಳಲ್ಲಿ ಮನೆಯಲ್ಲಿ ಮಾಡಿಸಿ ಎಂದು ಮನೆಯವರಿಗೆ ಹೇಳಿಕೊಟ್ಟು ಕಳುಹಿಸುತ್ತಾರೆ. ಹೇಳಿಕೊಡುವ ಕ್ರಮ ಚೆನ್ನಾಗಿದೆ, ನಮ್ಮ ಕೈಯಿಂದಲೇ ಮಾಡಿಸಿ ತಿದ್ದುತ್ತಾರೆ. ಆದರೆ ಚಿಕಿತ್ಸಕರು ಕೊಡಬೇಕಾದ ಹೊತ್ತಿಗೆ ಇದು ಬದಲಿಯಾಗಲಾರದು. ನಮ್ಮ ದೇಶದಲ್ಲೇ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು ಸೇರಿಸಿಕೊಂಡು ನಡೆದ, 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಟೆಂಡ್ ಪರೀಕ್ಷೆ ಇದನ್ನೇ ಕೇಳಿತ್ತು: ಮನೆಯವರಿಗೆ ತರಬೇತಿ ಕೊಟ್ಟು ಅವರಿಂದ ಪುನಶ್ಚೇತನ ಮಾಡಿಸಿದರೆ ಆರು ತಿಂಗಳ ನಂತರ ಸಾವು ಅಥವಾ ಪರಾವಲಂಬನೆ ಕಡಿಮೆಯಾಗುತ್ತದೆಯೇ? ಮನೆಯವರು ತರಬೇತಿ ಪಡೆದ ಮತ್ತು ಪಡೆಯದ ಎರಡೂ ಗುಂಪುಗಳಲ್ಲಿ ಅದು 47 ಪ್ರತಿಶತದಷ್ಟೇ ಇತ್ತು. ಈ ಫಲಿತಾಂಶವನ್ನು ಓದಿದರೆ ಮನೆಯವರ ಶ್ರಮ ವ್ಯರ್ಥ ಎಂದು ನನಗೆ ಅನ್ನಿಸುವುದಿಲ್ಲ, ಆದರೆ ಚಿಕಿತ್ಸಕರನ್ನು ನೇಮಿಸುವ ಹೊಣೆಯನ್ನು ಮನೆಯ ಹೆಂಗಸರ ಹೆಗಲಿಗೆ ದಾಟಿಸಿ ಕೈ ತೊಳೆದುಕೊಳ್ಳಲಾಗದು ಎಂದು ಖಂಡಿತ ಅನ್ನಿಸುತ್ತದೆ. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ, ಅಡುಗೆ ಮಾಡಿ, ಈಗ ಗಂಡನ ದುಡಿಮೆಯ ಭಾರವನ್ನೂ ಹೊತ್ತಿರುವ ಚಿಕ್ಕಮ್ಮನವರಂಥವರಿಗೆ ಇನ್ನೆರಡು ತಾಸಿನ ಕೆಲಸವನ್ನು ಹೊರಿಸುವಾಗ, ಅದರಿಂದ ಸಿಗುವುದೆಷ್ಟು ಎಂಬುದನ್ನು ಹೇಳಲೇಬೇಕು.

ಆ ಚಿಕ್ಕಮ್ಮನವರ ಕೈಗೆ ಮೊದಲು ಸಿಕ್ಕ ಅಭ್ಯಾಸದ ಹಾಳೆ ಇಂಗ್ಲಿಷಿನಲ್ಲಿತ್ತು. ಕೇಳಿದ ಮೇಲೆ ಚಿಕಿತ್ಸಕಿ ತಮ್ಮ ಕೈಬರಹದಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು, ಚಿತ್ರವನ್ನೂ ಬಿಡಿಸಿದರು; ಆದರೆ ಕೇಳದವರಿಗೆ ಇಂದಿಗೂ ಇಂಗ್ಲಿಷ್ ಹಾಳೆಯೇ ಸಿಗುತ್ತದೆ. ಬಾಗಲಕೋಟೆಯ ಕೇಂದ್ರದಲ್ಲಿ ಇದನ್ನು ಒಪ್ಪಲು ಸಾಧ್ಯವಿಲ್ಲ. ಮಾತು ಕಳೆದುಕೊಂಡವರಿಗೆ ಇಲ್ಲಿ ಪೂರ್ಣ ಪ್ರಮಾಣದ ಸೇವೆ ಇಲ್ಲ ಎಂಬುದು ಮತ್ತೊಂದು ಕೊರತೆ. ಎಡ ಮಿದುಳಿಗೆ ಪೆಟ್ಟಾಗಿ ಅಫೇಸಿಯಾ ಬಂದವರಿಗೆ ಅವರ ಮನೆಮಾತಿನಲ್ಲೇ ಪರೀಕ್ಷೆ, ಅವರ ಮನೆಮಾತಿನಲ್ಲೇ ಅಭ್ಯಾಸ ಬೇಕು. ಕನ್ನಡಕ್ಕೆ ಅಳವಡಿಸಿದ ಪರೀಕ್ಷೆಗಳಿವೆ, 1965ರಿಂದ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ದೊಡ್ಡ ಸಂಸ್ಥೆಯೂ ಇದೆ. ಆದರೆ ಗುಳೇದಗುಡ್ಡದಿಂದ ಮೈಸೂರಿಗೆ ವಾರವಾರ ಹೋಗುವವರು ಯಾರು? ಇಲ್ಲಿ ವಾಕ್ ಚಿಕಿತ್ಸಕರು ತಿಂಗಳಿಗೊಮ್ಮೆ ಬರುತ್ತಾರೆ, ಅದು ಯಾವುದಕ್ಕೂ ಸಾಲದು.

ಶುಲ್ಕ ಒಂದು ಅವಧಿಗೆ 400 ರೂಪಾಯಿ. ಕೆಲಸಕ್ಕೆ ಹೋಲಿಸಿದರೆ ನ್ಯಾಯವಾದದ್ದು, ದುಡಿಯುವ ಕೈಯನ್ನೇ ಕಳೆದುಕೊಂಡ ನೇಕಾರ ಕುಟುಂಬಕ್ಕೆ ಭಾರವಾದದ್ದು. ಕಟ್ಟಡ ನೆಲಮಟ್ಟದಲ್ಲಿದೆ, ಶೌಚಾಲಯದಲ್ಲಿ ಹಿಡಿಕೆಗಳಿವೆ, ಆದರೆ ಎರಡೂ ಹಿಡಿಕೆಗಳನ್ನು ಒಂದೇ ಬದಿಗೆ ಹಾಕಿದ್ದಾರೆ.

ಫಲ ಏನೆಂದು ಕೇಳುವವರಿಗೆ ನೇರವಾಗಿ ಹೇಳುತ್ತೇನೆ. ಚಿಕ್ಕಪ್ಪನವರು ಈಗ ತಾಟಿನಲ್ಲಿದ್ದುದನ್ನೆಲ್ಲ ಉಣ್ಣುತ್ತಾರೆ, ಪತ್ರಿಕೆ ಓದುತ್ತಾರೆ, ಅಂಗಿಯ ಗುಂಡಿಯನ್ನು ಎರಡೂ ಕೈಗಳಿಂದ ಹಾಕಿಕೊಳ್ಳುತ್ತಾರೆ. ದಣಿದಾಗ, ಗದ್ದಲವಿದ್ದಾಗ ಎಡಬದಿ ಮತ್ತೆ ಕೈಬಿಟ್ಟು ಹೋಗುತ್ತದೆ; ರಸ್ತೆ ದಾಟುವಾಗ ಜೊತೆಗೆ ಯಾರಾದರೂ ಇರಲೇಬೇಕು. ಮಗ್ಗಕ್ಕೆ ಇಳಿದು ನೇಯುವ ಮಟ್ಟ ಬಂದಿಲ್ಲ. ಕಂಡಿಕೆ ಸುತ್ತುತ್ತಾರೆ, ನೂಲು ಕಡಿದರೆ ಎಡಗೈಯ ಬೆರಳುಗಳಿಂದಲೇ ಹಿಡಿದು ಗಂಟು ಹಾಕುತ್ತಾರೆ. ಇಷ್ಟರಲ್ಲಿ ಕಾಲದ ಪಾಲೆಷ್ಟು, ಚಿಕಿತ್ಸೆಯ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲು ಒಬ್ಬ ರೋಗಿಯಿಂದ ಆಗುವುದಿಲ್ಲ ಎಂದು ಚಿಕಿತ್ಸಕಿಯೇ ಹೇಳಿದರು, ಮತ್ತು ನಾಲ್ಕು ವಾರಗಳಿಗೊಮ್ಮೆ ಅದೇ ಪರೀಕ್ಷೆಗಳನ್ನು ಮಾಡಿ ಬರೆದಿಟ್ಟ ಅಂಕಗಳ ಪ್ರತಿಯನ್ನು ನಮ್ಮ ಕೈಗೆ ಕೊಟ್ಟರು. ಎರಡು ಸಲ ಸತತವಾಗಿ ಅಂಕ ಬದಲಾಗದಿದ್ದ ಒಂದು ಅಭ್ಯಾಸವನ್ನು ಅವರು ತಾವಾಗಿಯೇ ಕೈಬಿಟ್ಟು ಬೇರೆಯದನ್ನು ಹಿಡಿದರು. ನಾನು ಕಂಡ ಬೇರೆ ಯಾವ ಕಡೆಯೂ ಈ ಕ್ರಮ ಇರಲಿಲ್ಲ, ಮತ್ತು ಈ ಕೇಂದ್ರವನ್ನು ಶಿಫಾರಸು ಮಾಡಲು ನನಗೆ ಇದೊಂದೇ ಕಾರಣ ಸಾಕಾಗಿದೆ.

ಕೈಯಲ್ಲಿ ಸ್ಪರ್ಶವಿಲ್ಲದವರು, ಎಡಬದಿಯನ್ನು ಗಮನಿಸದವರು, ಬೆರಳುಗಳಲ್ಲಿ ಸ್ವಲ್ಪವಾದರೂ ಚಲನೆ ಉಳಿದವರು ಇಲ್ಲಿಗೆ ಹೋಗಬಹುದು. ಮಾತಿನ ತೊಂದರೆಯೇ ಮುಖ್ಯವಾಗಿರುವವರು ಮೊದಲು ವಾಕ್ ಚಿಕಿತ್ಸಕರಿರುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸುವುದು ಮೇಲು. ಹೋಗುವಾಗ ಸ್ಕ್ಯಾನ್ ವರದಿ, ನಿತ್ಯ ಬಳಸುವ ಕನ್ನಡಕ, ರೋಗಿಯ ಕಸುಬಿನ ಒಂದೆರಡು ವಸ್ತುಗಳು ಜೊತೆಗಿರಲಿ, ಅಭ್ಯಾಸದ ಹಾಳೆ ಕನ್ನಡದಲ್ಲಿ ಬೇಕೆಂದು ಮೊದಲ ದಿನವೇ ಕೇಳಿ. ಅವಧಿ ಬೆಳಗ್ಗೆಯೇ ಸಿಗುವಂತೆ ಒತ್ತಾಯಿಸಿ, ಏಕೆಂದರೆ ಹೊರಗಿನ ಊರುಗಳಿಂದ ಬಸ್ಸಿನಲ್ಲಿ ಬಂದು ಮಧ್ಯಾಹ್ನದವರೆಗೆ ಕಾದ ರೋಗಿಗೆ ಗಮನದ ತರಬೇತಿಗೆ ಬೇಕಾದ ಶಕ್ತಿ ಉಳಿದಿರುವುದಿಲ್ಲ.